ಮೋರಿಯ ಜಿಡ್ಡು ಮತ್ತು ಒಂದು ಕ್ಷಮಾವಣಿ

ನಾವಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದ ನೆಗೆಣ್ಣಿಯರು. ಹಿರಿಯಳ ತವರು ಜತ್ತ ತಾಲೂಕಿನ ಒಂದು ಹಳ್ಳಿ, ಕಿರಿಯಳದು ಅಕ್ಕಲಕೋಟೆ. ಸೊಲ್ಲಾಪುರದ ಹಳೆಯ ಪೇಟೆಯೊಂದರಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಎಣ್ಣೆ, ಬೆಲ್ಲ, ಕಾಳು-ಕಡಿಯ ವ್ಯಾಪಾರ. ಮನೆಯಲ್ಲಿ ಅತ್ತೆ-ಮಾವ, ನಾವು, ನಮ್ಮ ಯಜಮಾನರು, ಮಕ್ಕಳು ಸೇರಿ ಒಂಬತ್ತು ಮಂದಿ. ಒಲೆ ಒಂದೇ. ಈ ಲೇಖನವನ್ನು ಇಬ್ಬರೂ ಕೂಡಿ ಬರೆಯುತ್ತಿದ್ದೇವೆ. ಒಬ್ಬಳೇ ಬರೆದರೆ ತಪ್ಪೆಲ್ಲ ಇನ್ನೊಬ್ಬಳ ತಲೆಗೆ ಕಟ್ಟಿಬಿಡಬಹುದೆಂಬ ಹೆದರಿಕೆ ಇಬ್ಬರಿಗೂ ಇದೆ!

ವಿಷಯ ಅಡಿಗೆ ಮನೆಯ ಮೋರಿ. ಓದುವ ಸಹೋದರಿಯರು ಮೂಗು ಮುರಿಯಬಾರದು. ನಮ್ಮ ಜೈನ ಮನೆಗಳ ಅಡಿಗೆಯಲ್ಲಿ ಲೆಕ್ಕವಿಲ್ಲದ ಕೆಲಸವಿಲ್ಲ. ಸೋಸಿದ ನೀರಿಗೆ ಎರಡು ಘಳಿಗೆಯ ಮರ್ಯಾದೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಬೆಣ್ಣೆ ತೆಗೆದರೆ ಎರಡು ಘಳಿಗೆಯೊಳಗೆ ಒಲೆಗೇರಿಸಿ ತುಪ್ಪ ಮಾಡಬೇಕು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಒಳಗೆ ಬರುವ ಪ್ರತಿಯೊಂದು ಪದಾರ್ಥಕ್ಕೂ ಇಷ್ಟು ಎಚ್ಚರಿಕೆ. ಆದರೆ ಹೊರಗೆ ಹೋಗುವುದಕ್ಕೆ? ಪಾತ್ರೆ ತೊಳೆದ ನೀರು ಮೋರಿಯ ಜಾಳಿಗೆ ದಾಟಿತೆಂದರೆ ಅದು ನಮ್ಮದಲ್ಲ ಎಂದು ನಾವು ತಿಳಿದಿದ್ದೆವು. ಆ ತಿಳುವಳಿಕೆ ಎಷ್ಟು ತಪ್ಪು ಎಂಬುದು 2016ರ ಭಾದ್ರಪದದಲ್ಲಿ ನಮಗೆ ಅರಿವಾಯಿತು.

ಆ ವರ್ಷ ಶ್ರಾವಣದಿಂದಲೇ ಸಿಂಕಿನ ನೀರು ಇಳಿಯುವುದು ನಿಧಾನವಾಗಿತ್ತು. ಮೊದಲು ಒಂದೆರಡು ನಿಮಿಷ ನಿಲ್ಲುತ್ತಿತ್ತು, ಆಮೇಲೆ ಹತ್ತು ನಿಮಿಷ. ಕೆಳಗಿನಿಂದ ಗುಳುಗುಳು ಸಪ್ಪಳ ಬರುತ್ತಿತ್ತು. ಬೆಳಿಗ್ಗೆ ಅಡಿಗೆ ಮನೆಯ ಬಾಗಿಲು ತೆರೆದರೆ ಹಳಸಿದ ವಾಸನೆ. ಕಾರಣ ಕಣ್ಣ ಮುಂದೆಯೇ ಇತ್ತು. ಎಣ್ಣೆ ಮಾರುವವರ ಮನೆ ನಮ್ಮದು, ಒಗ್ಗರಣೆಗೆ ಕೈ ಹಿಡಿದವರಲ್ಲ. ವಾರಕ್ಕೆರಡು ಸಲ ತುಪ್ಪ ಕಾಯಿಸುತ್ತಿದ್ದೆವು. ತುಪ್ಪ ಸೋಸಿದ ಪಾತ್ರೆ, ಗಸಿ ಹತ್ತಿದ ಸೌಟು, ಭಜಿ ಕರಿದ ಬಾಣಲಿ ಎಲ್ಲವೂ ನೇರವಾಗಿ ಸಿಂಕಿಗೆ. ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ ಇಡೀ ಮನೆಯ ಮುಸುರೆಯನ್ನು ಒಮ್ಮೆಲೇ ತಣ್ಣೀರಿನಲ್ಲಿ ತಿಕ್ಕಿಸುತ್ತಿದ್ದೆವು. ತುಪ್ಪ ತಣ್ಣೀರು ಕಂಡರೆ ಗಟ್ಟಿಯಾಗುತ್ತದೆಂದು ಯಾವ ಹೆಣ್ಣುಮಗಳಿಗೆ ಹೇಳಿಕೊಡಬೇಕು? ಪಾತ್ರೆಯ ಮೇಲೆ ಗಟ್ಟಿಯಾಗುವ ತುಪ್ಪ ಪೈಪಿನೊಳಗೂ ಗಟ್ಟಿಯಾಗುತ್ತದೆ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ನೀರಿನ ಕಥೆಯೂ ಇದಕ್ಕೆ ಸೇರಿತ್ತು. ನಮ್ಮೂರಿಗೆ ಭೀಮಾ ನದಿಯ ಉಜನಿ ಆಣೆಕಟ್ಟಿನಿಂದ ನೀರು ಬರುತ್ತದೆ. ಆ ದಿನಗಳಲ್ಲಿ ನಮ್ಮ ಪೇಟೆಯ ನಳಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು. ನಡುವಿನ ದಿನಗಳಲ್ಲಿ ಬೋರಿನ ಗಡಸು ನೀರು, ಅದೂ ಅಳೆದು ಸುರಿದಂತೆ. ಕಡಿಮೆ ನೀರಿನಲ್ಲಿ ಹೆಚ್ಚು ಜಿಡ್ಡು ತೊಳೆದರೆ ಪೈಪಿನಲ್ಲಿ ಅದು ಮುಂದಕ್ಕೆ ಸಾಗುವುದಿಲ್ಲ, ಸಿಕ್ಕಲ್ಲಿ ಅಂಟುತ್ತದೆ.

ತಪ್ಪು ಯಾರದು ಎಂದು ಹುಡುಕುವಾಗ ನಾವಿಬ್ಬರೂ ಮೊದಲು ಒಪ್ಪಿದ್ದು ಮುಸುರೆ ತಿಕ್ಕಲು ಬರುವ ಹೆಂಗಸಿನ ಹೆಸರನ್ನು. ಅವಳು ನಕ್ಕು, “ನಾ ತಿಕ್ಕೂದು ನೀವು ಕೊಟ್ಟ ಭಾಂಡೀನ ಅಲ್ಲೇನ್ರಿ ಅಕ್ಕಾರ?” ಎಂದಳು. ಆಮೇಲೆ ಉಳಿದವರು ನಾವಿಬ್ಬರೇ. ಅಕ್ಕಲಕೋಟೆಯವಳಿಗೆ ಅನ್ನದ ಅಗುಳು, ಬೇಳೆಯ ಕಟ್ಟು ಎಲ್ಲ ಸಿಂಕಿಗೆ ಸುರಿಯುವ ಚಾಳಿ ಎಂದು ಹಿರಿಯಳ ಮನಸ್ಸಿನಲ್ಲಿ. ತುಪ್ಪದ ಪಾತ್ರೆಯನ್ನು ಬಳಿಯದೆ ಹಾಗೇ ಇಡುವವಳು ಅಕ್ಕನೇ ಎಂದು ಕಿರಿಯಳ ಮನಸ್ಸಿನಲ್ಲಿ. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಪಾತ್ರೆ ಇಡುವ ಸಪ್ಪಳ ಮಾತ್ರ ದಿನದಿನಕ್ಕೆ ಜೋರಾಯಿತು. ಒಂದು ರಾತ್ರಿ ಇಬ್ಬರೂ ಬೇರೆ ಬೇರೆಯಾಗಿ ನಮ್ಮ ನಮ್ಮ ಯಜಮಾನರ ಹತ್ತಿರ ಒಂದೇ ಮಾತು ಎತ್ತಿದ್ದೆವು ಎಂದು ಮುಂದೆ ತಿಳಿಯಿತು: “ಹಿಂದಿನ ಖೋಲಿಯೊಳಗ ಬ್ಯಾರೆ ಒಲಿ ಹೂಡಿದ್ರ ಹ್ಯಾಂಗ?” ನಲವತ್ತು ವರ್ಷ ಒಂದೇ ಒಲೆಯ ಮೇಲೆ ನಡೆದ ಮನೆ. ಒಂದು ಪೈಪಿನ ಸಲುವಾಗಿ ಅದು ಎರಡಾಗುವುದರಲ್ಲಿತ್ತು.

ಇದರ ನಡುವೆ ದಶಲಕ್ಷಣ ಪರ್ವ ಬಂತು. ಅತ್ತೆಯವರು ಹತ್ತು ದಿನ ಏಕಾಶನ ಮಾಡಿದರು, ಅನಂತ ಚತುರ್ದಶಿಯಂದು ಪೂರ್ಣ ಉಪವಾಸ. ಹುಣ್ಣಿಮೆಯ ದಿನ ಪಾರಣೆ. ಬೀಗರು, ನೆರೆಯವರು, ಬಸದಿಯಲ್ಲಿ ಅವರ ಜೊತೆ ಸ್ವಾಧ್ಯಾಯಕ್ಕೆ ಕೂಡುವವರು ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಎಲೆ. ಶೇಂಗಾ ಹೋಳಿಗೆ, ಕರಿಗಡಬು, ಚಿರೋಟಿ, ಭಜಿ, ಮೇಲೆ ಕಾಯಿಸಿದ ತುಪ್ಪ. ಊಟ ಚೆನ್ನಾಯಿತು, ಬಂದವರು ಹೊಗಳಿ ಹೋದರು. ಮುಸುರೆ ಬೆಟ್ಟದಷ್ಟು ಬಿದ್ದಿತ್ತು. ಎಲ್ಲವನ್ನೂ ಹೊತ್ತು ಮುಳುಗುವುದರೊಳಗೆ ತೊಳೆದು ಮುಗಿಸುವ ಅವಸರದಲ್ಲಿ ಬಾಣಲಿಯ ತಳದ ಎಣ್ಣೆಯೂ ಸಿಂಕಿಗೇ ಹೋಯಿತು. ಸುರಿದವಳು ಯಾರೆಂದು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಸುರಿದಿದ್ದೆವು.

ರಾತ್ರಿ ಮಲಗುವಾಗ ಸಿಂಕಿನಲ್ಲಿ ಒಂದು ಗೇಣು ನೀರು ನಿಂತಿತ್ತು. ಎಲ್ಲರೂ ಮಲಗಿದ ಮೇಲೆ ನಮ್ಮಲ್ಲಿ ಹಿರಿಯಳು ಎದ್ದು ಬಂದು, ಪೇಟೆಯಿಂದ ತಂದು ಮುಚ್ಚಿಟ್ಟಿದ್ದ ಮೋರಿ ಸ್ವಚ್ಛ ಮಾಡುವ ಪುಡಿಯ ಪೊಟ್ಟಣ ಒಡೆದು ಪೂರ್ತಿ ಸುರಿದಳು. ಬೆಳಗಾಗುವುದರೊಳಗೆ ನೀರು ಇಳಿದರೆ ಯಾರಿಗೂ ಹೇಳುವ ಕಾರಣವಿಲ್ಲ, ಕಿರಿಯಳ ಮುಂದೆ ಸೋತಂತೆಯೂ ಆಗುವುದಿಲ್ಲ ಎಂಬ ಎಣಿಕೆ. ಅದರಲ್ಲಿದ್ದದ್ದು ಕಾಸ್ಟಿಕ್ ಸೋಡಾ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ ಎಚ್ಚರಿಕೆಯನ್ನು ಆ ರಾತ್ರಿ ಓದಲಿಲ್ಲ.

ಮರುದಿನ ಭಾದ್ರಪದ ಬಹುಳ ಪಾಡ್ಯ, ಕ್ಷಮಾವಣಿಯ ದಿನ. ಬೆಳಿಗ್ಗೆ ನೋಡಿದರೆ ನೀರು ಇಳಿದಿರಲಿಲ್ಲ. ಬಚ್ಚಲಿನ ನೀರು ಬಿಟ್ಟ ಕೂಡಲೇ ಅಡಿಗೆ ಮನೆಯ ನೆಲದ ಜಾಳಿಗೆಯಿಂದ ಕಪ್ಪು ನೀರು ಉಕ್ಕಿ ಕಡಪಾ ಕಲ್ಲಿನ ಮೇಲೆ ಹರಿಯಿತು. ಹಿಟ್ಟಿನ ಡಬ್ಬಿಗಳನ್ನು ಎತ್ತಿ ಹೊರಗಿಟ್ಟೆವು. ಬಸದಿಗೆ ಹೊರಡಬೇಕಾದ ಹೊತ್ತಿನಲ್ಲಿ ಇಬ್ಬರೂ ಸೆರಗು ಸಿಕ್ಕಿಸಿ ನೆಲ ಬಳಿಯುತ್ತ ನಿಂತೆವು. ಮಾವನವರು ಅಂಗಡಿಯ ಹುಡುಗನನ್ನು ಕಳಿಸಿ, ಓಣಿಯ ಮನೆಗಳ ಮೋರಿ ರಿಪೇರಿ ಮಾಡುವ ಒಬ್ಬ ಕಾಕಾನನ್ನು ಕರೆಸಿದರು.

ಅವರು ಬಂದು, ಸಿಂಕಿನ ಕೆಳಗೆ ಬಗ್ಗಿ ನೋಡಿ, ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ ಇದು: “ಅಕ್ಕಾರ, ಒಳಗ ಆಸಿಡ್ಡು, ಪೌಡರು ಏನರ ಹಾಕೀರೇನು?”

ಕಿರಿಯಳು, “ಏನೂ ಇಲ್ರಿ, ಬರೇ ನೀರೈತಿ” ಎಂದಳು. ಅವಳಿಗೆ ಗೊತ್ತಿರಲಿಲ್ಲ. ಹಿರಿಯಳು ಅಲ್ಲೇ ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ.

ಕಾಕಾ ಕೆಳಗೆ ಬಕೀಟು ಇಟ್ಟು ಬಾಗಿದ ಪೈಪಿನ ತಿರುಪು ಬಿಚ್ಚಿದರು. ರಾತ್ರಿಯಿಡೀ ನಿಂತಿದ್ದ ನೀರು ಪುಡಿಯ ಸಮೇತ ಅವರ ಬಲಗೈ ಮೇಲೆ ಮುಂಗೈವರೆಗೆ ಸುರಿಯಿತು. ಮೊದಲು ಅವರಿಗೆ ತಿಳಿಯಲಿಲ್ಲ. ಬರೀ ಜಾರುತ್ತದೆ, ಸಾಬೂನಿನ ಹಾಗೆ ಎಂದರು. ಮರುಗಳಿಗೆ ಕೈ ಝಾಡಿಸಿ “ಉರಿ, ಉರಿ” ಎಂದು ಕೂಗಿದರು. ಆಗ ಹಿರಿಯಳು ಪೊಟ್ಟಣದ ಮಾತು ಹೇಳಿದಳು. ಒಂದು ನಿಮಿಷ ತಡವಾಗಿ ಹೇಳಿದ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಯಾರೋ ಲಿಂಬೆಹಣ್ಣು ತಂದರು, ಯಾರೋ ಅರಿಷಿಣ ಎಂದರು. ಕಿರಿಯಳು ಯಾವುದನ್ನೂ ಹಚ್ಚಲು ಬಿಡದೆ ಹಂಡೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಕೈ ಮೇಲೆ ಸುರಿದಳು. ನಾಲ್ಕು ದಿನಕ್ಕೆಂದು ತುಂಬಿಟ್ಟ ನೀರು ಅರ್ಧ ತಾಸಿನಲ್ಲಿ ಖಾಲಿಯಾಯಿತು. ಬಳಿಕ ನಮ್ಮ ಯಜಮಾನರು ದವಾಖಾನೆಗೆ ಕರೆದೊಯ್ದರು. ಡಾಕ್ಟರು ಹೇಳಿದ್ದನ್ನು ಎಲ್ಲರಿಗೂ ತಿಳಿಸುವುದು ನಮ್ಮ ಕರ್ತವ್ಯ. ಇಂಥ ಪುಡಿ ತಾಗಿದರೆ ಒಣಪುಡಿಯನ್ನು ಮೊದಲು ಝಾಡಿಸಿ, ಹರಿಯುವ ತಣ್ಣೀರಿನಲ್ಲಿ ಕಡಿಮೆಯೆಂದರೂ 20 ನಿಮಿಷ ತೊಳೆಯಬೇಕು. ಲಿಂಬೆ, ವಿನೆಗರ್ ಹಾಕಿ ಶಾಂತಗೊಳಿಸುತ್ತೇವೆಂದು ಹೋಗಬಾರದು, ಉರಿ ಇನ್ನೂ ಹೆಚ್ಚುತ್ತದೆ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ದವಾಖಾನೆಗೆ ಓಡಬೇಕು. ಅಂದು ಕೈ ಉಳಿದದ್ದು ನೀರಿನಿಂದ.

ಅವರು ದವಾಖಾನೆಗೆ ಹೋದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅತ್ತೆಯವರು ಜಪದ ಮಾಲೆ ಕೆಳಗಿಟ್ಟು ನಮ್ಮಿಬ್ಬರನ್ನೂ ಕರೆದು ಕೂಡಿಸಿದರು. ಬೈಯಲಿಲ್ಲ. ಅವರು ಅಂದದ್ದು ಇಷ್ಟೇ: “ಮುನಿಗಳಿಗೆ ಐದು ಸಮಿತಿ ಅದಾವು. ಕಡೀದು ಉತ್ಸರ್ಗ ಸಮಿತಿ. ಬಿಡಬೇಕಾದ್ದನ್ನ ಎಲ್ಲಿ ಬಿಡಬೇಕು, ಅಲ್ಲಿ ಜೀವ ಅದಾವೇನು ಅಂತ ನೋಡಿ ಬಿಡೂದು. ನಾವು ಸಂಸಾರಸ್ಥರು, ಅಷ್ಟು ಪಾಲಿಸಾಕ ಆಗಂಗಿಲ್ಲ. ಖರೆ, ಪೈಪಿನ ಆ ತುದಿಗೆ ಒಬ್ಬ ಮನಷ್ಯಾ ಇರ್ತಾನ ಅನ್ನೂದರ ನೆನಪಿರಬೇಕಲ್ಲ.”

ಮಧ್ಯಾಹ್ನ ಕಾಕಾ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮರಳಿ ಬಂದರು. ಆ ದಿನ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು “ಉತ್ತಮ ಕ್ಷಮಾ” ಎನ್ನುತ್ತಿದ್ದರು. ವರ್ಷ ವರ್ಷವೂ ನಾವೂ ಅಂದಿದ್ದೇವೆ. ಬಂಧುಗಳಿಗೆ ಕಾರ್ಡು ಬರೆದಿದ್ದೇವೆ, ಫೋನು ಮಾಡಿದ್ದೇವೆ. ಅವರಲ್ಲಿ ಯಾರಿಗೂ ನಾವು ಅಂಥ ದೊಡ್ಡ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದ್ದ ಮನುಷ್ಯ ಮಾತ್ರ ನಮ್ಮ ಮೆಟ್ಟಿಲ ಮೇಲೆ ಕೈ ಎದೆಗೆ ಹಿಡಿದು ಕೂತಿದ್ದರು. ಹಿರಿಯಳು ಎಲ್ಲರೆದುರು ಹೋಗಿ ಕೈ ಮುಗಿದು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಒಪ್ಪಿಕೊಂಡಳು. ಆಮೇಲೆ ನಾವು ಒಬ್ಬರಿಗೊಬ್ಬರು ಕೈ ಮುಗಿದೆವು. ಕಾಕಾ ಸಂಕೋಚದಿಂದ, “ಕೈ ಅಂತೂ ಐತಿ, ವಾಸಿ ಆಗ್ತೈತಿ ಬಿಡ್ರಿ. ಮುಂದ ಯಾರನ್ನ ಕರದ್ರೂ ಹಾಕಿದ್ದನ್ನ ಮೊದಲ ಹೇಳ್ರಿ” ಎಂದರು. ಅವರಿಗೆ ಎರಡು ವಾರ ಕೆಲಸ ಮಾಡಲಾಗಲಿಲ್ಲ. ಮಾವನವರು ಅಷ್ಟೂ ದಿನದ ಕೂಲಿ, ಔಷಧದ ಖರ್ಚು ಕೊಟ್ಟರು. ಅಂಗಡಿಯ ಕೀರ್ದಿಯಲ್ಲಿ ಅದನ್ನು ‘ದುರಸ್ತಿ’ ಎಂದು ಬರೆಯದೆ ‘ನಮ್ಮ ತಪ್ಪಿನ ಬಾಬತ್ತು’ ಎಂದು ಬರೆದರು.

ಅಂದೇ ಕಾಕಾ ತಮ್ಮ ತಮ್ಮನನ್ನು ಕರೆಸಿ, ತಾವು ದೂರ ಕೂತು ಹೇಳುತ್ತ ಪೈಪು ಕಡಿಸಿದರು. ಮೂರಿಂಚಿನ ಪೈಪಿನಲ್ಲಿ ಬೆರಳು ತೂರುವಷ್ಟು ದಾರಿ ಉಳಿದಿತ್ತು. ಒಳಗಿದ್ದದ್ದು ಬರೀ ತುಪ್ಪವೂ ಅಲ್ಲ, ಎಣ್ಣೆಯೂ ಅಲ್ಲ. ಬೆಳ್ಳಗೆ, ಹಸಿ ಸುಣ್ಣ ಮತ್ತು ಮೇಣ ಕಲಸಿದಂಥ ಗಟ್ಟಿ ಪದಾರ್ಥ. ಕಿರಿಯಳ ತಮ್ಮ ಅಕ್ಕಲಕೋಟೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಅವನು ಬಿಡಿಸಿ ಹೇಳಿದ. ಹಳಸಿದ ಜಿಡ್ಡಿನಿಂದ ಹುಳಿ ಅಂಶ ಬಿಡುಗಡೆಯಾಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದರೊಡನೆ ಕೂಡಿ ನೀರಿನಲ್ಲಿ ಕರಗದ ಒಂದು ಬಗೆಯ ಸಾಬೂನಾಗುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬಾರದೆ ಬಕೀಟಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದರ ಜಾತಿಯೇ ಇದು. ಮೇಲೆ ಅನ್ನದ ಗಂಜಿ, ಹಿಟ್ಟು, ಚಹಾಪುಡಿ ಅಂಟುತ್ತ ಹೋಗಿ ಗೋಡೆಯಾಗುತ್ತದೆ. ಹಾಗೆ ಗಟ್ಟಿಯಾದ ಮೇಲೆ ಬಿಸಿನೀರಿಗೆ ಅದು ಕರಗುವುದಿಲ್ಲ.

ಬಿಸಿನೀರಿನ ಬಗ್ಗೆ ನಮ್ಮೆಲ್ಲರಿಗೂ ದೊಡ್ಡ ನಂಬಿಕೆ. ಕುದಿನೀರು ಸುರಿದರೆ ಮೇಲಿನ ತುಪ್ಪ ಕರಗಿ ಇಳಿಯುವುದು ನಿಜ. ಆದರೆ ನಾಲ್ಕು ಮಾರು ಮುಂದೆ ಹೋಗಿ ತಣ್ಣಗಾದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಸಿಂಕಿನಿಂದ ಹೋದದ್ದು ಓಣಿಯ ಪೈಪಿನಲ್ಲಿ ಕೂಡುತ್ತದೆ, ಅಷ್ಟೇ. ಪ್ಲಾಸ್ಟಿಕ್ ಪೈಪು ಕುದಿನೀರಿಗೆ ಮೆತ್ತಗಾಗಿ ಜೋಡಣೆ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೋರಿಯಲ್ಲಿ ಇರುವೆ, ಜಿರಳೆ, ಕಣ್ಣಿಗೆ ಕಾಣದ ಎಷ್ಟೋ ಜೀವಗಳಿರುತ್ತವೆ. ಬಿಸಿನೀರನ್ನು ಆರಿಸಿಯೇ ಚೆಲ್ಲಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಪುಡಿಯ ಗತಿಯೂ ನೋಡಿದ್ದಾಯಿತು. ನೀರು ಪೂರ್ತಿ ನಿಂತ ಮೋರಿಯಲ್ಲಿ ಕಾಸ್ಟಿಕ್ ಸೋಡಾ ಕೆಳಗೆ ಹೋಗದೆ ಬಾಗಿನಲ್ಲಿ ಕೂತು ಕಲ್ಲಿನಂತೆ ಹೆಪ್ಪುಗಟ್ಟಬಹುದು. ನೀರು ತಾಗಿದರೆ ತಾನೇ ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ತಾಗಿದರೆ ಹೊತ್ತಿಕೊಳ್ಳುವ ಅನಿಲ ಹುಟ್ಟುತ್ತದೆ. ಅದರ ಮೇಲೆ ಆಸಿಡ್ಡು ಸುರಿದರೆ ಇನ್ನೂ ಅಪಾಯ. ಆಸಿಡ್ಡು ಮತ್ತು ಬ್ಲೀಚಿಂಗ್ ಪುಡಿ ಕೂಡಿದರೆ ಬರುವ ಕ್ಲೋರಿನ್ ಹೊಗೆ ಶ್ವಾಸಕೋಶಕ್ಕೇ ಪೆಟ್ಟು. ಇನ್ನು ಕೆಲವರು ತಿನ್ನುವ ಸೋಡಾ, ವಿನೆಗರ್ ಕೂಡಿಸಿ ಹಾಕುತ್ತಾರೆ. ಬುರುಬುರು ನೊರೆ ಬರುವುದು ನೋಡಲು ಚೆಂದ. ಒಂದನ್ನೊಂದು ಕೊಂದು ಉಳಿಯುವುದು ಉಪ್ಪುನೀರು ಮಾತ್ರ. ಗಟ್ಟಿ ಜಿಡ್ಡು ಅದಕ್ಕೆ ಜಗ್ಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಉತ್ತರ ಹಿರಿಯಳ ತವರಿನ ಹಳ್ಳಿಯಲ್ಲೇ ಇತ್ತು. ಅಲ್ಲಿ ಅವಳ ಅಜ್ಜಿ ತುಪ್ಪದ ಪಾತ್ರೆಯನ್ನು ತೊಳೆಯಲು ಹಾಕುತ್ತಲೇ ಇರಲಿಲ್ಲ. ಮೊದಲು ಅದರಲ್ಲಿ ಬಿಸಿ ರೊಟ್ಟಿಯ ತುಣುಕು ತಿಕ್ಕಿ ಮಕ್ಕಳಿಗೆ ಕೊಡುತ್ತಿದ್ದಳು. ನಂತರ ಒಲೆಯ ಒಣ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಜಿಡ್ಡನ್ನು ಹಿಡಿಯುತ್ತದೆ. ಆ ಬೂದಿಯನ್ನು ತಿಪ್ಪೆಗೆ ಹಾಕಿ ಪಾತ್ರೆಗೆ ಒಂದು ತಂಬಿಗೆ ನೀರು ಕಾಣಿಸಿದರೆ ಮುಗಿಯಿತು. ಆ ನೀರೂ ಹಿತ್ತಲದ ಬಾಳೆಗಿಡಕ್ಕೆ. ನೀರಿಲ್ಲದ ಬರದ ಸೀಮೆಯ ಹೆಂಗಸು ಕಂಡುಕೊಂಡ ದಾರಿ ಅದು. ಗ್ಯಾಸಿನ ಒಲೆ ಬಂದು ಬೂದಿ ಹೋಯಿತು, ಅದರ ಜೊತೆ ಬಳಿಯುವ ರೂಢಿಯೂ ಹೋಯಿತು. ನಮ್ಮವರಲ್ಲಿ ಕೆಲವರು ಊಟವಾದ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುತ್ತಾರೆ. ಹುಡುಗರು ನಗುತ್ತಾರೆ. ಆದರೆ ಆ ತಟ್ಟೆಯಿಂದ ಮೋರಿಗೆ ಹೋಗುವುದು ಏನೂ ಇಲ್ಲ ಎಂಬುದನ್ನು ಗಮನಿಸಿ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಜಿಡ್ಡಿನ ಯಾವ ಪಾತ್ರೆಯೂ ಒರೆಸದೆ ಸಿಂಕಿಗೆ ಹೋಗುವಂತಿಲ್ಲ. ತುಪ್ಪದ ಪಾತ್ರೆ ಬೆಚ್ಚಗಿರುವಾಗಲೇ ಅದರಲ್ಲಿ ಹಿಟ್ಟು ಕಲಸಿ ಚಪಾತಿ ಮಾಡುತ್ತೇವೆ. ಬಾಣಲಿ, ತವೆಗಳನ್ನು ಅಂಗಡಿಯಲ್ಲಿ ಉಳಿದ ಹಳೆಯ ಪತ್ರಿಕೆಯ ಚೂರಿನಿಂದ ಒರೆಸುತ್ತೇವೆ. ಆ ಚೂರುಗಳು ಮುಚ್ಚಳವಿರುವ ಡಬ್ಬಿಗೆ. ಮುಚ್ಚದಿದ್ದರೆ ಇರುವೆ ಮುತ್ತಿ ಅವುಗಳ ಜೀವಕ್ಕೆ ನಾವು ಕಾರಣವಾಗುತ್ತೇವೆ. ಕರಿದು ಉಳಿದ ಎಣ್ಣೆ ಆರಿದ ಮೇಲೆ ಸೋಸಿ ಬಾಟಲಿಗೆ, ಸಿಂಕಿಗಂತೂ ಅಲ್ಲ. ಅನ್ನ, ಬೇಳೆ, ಹಿಟ್ಟಿನ ಅಂಟು ತಡೆಯಲು ಸಣ್ಣ ಕಣ್ಣಿನ ಜಾಳಿಗೆ ಇದೆ. ಅದನ್ನು ದಿನಕ್ಕೆರಡು ಸಲ ಝಾಡಿಸುತ್ತೇವೆ. ಪಾತ್ರೆ ತಿಕ್ಕುವ ಮೊದಲು ಒರೆಸಿದರೆ ಸಾಬೂನು, ನೀರು ಎರಡೂ ಉಳಿಯುತ್ತವೆ. ನೀರು ಎಣಿಸಿ ಬಳಸುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಪ್ರತಿ ಚತುರ್ದಶಿಯ ಹಿಂದಿನ ದಿನ, ಅಂದರೆ ಹದಿನೈದು ದಿನಕ್ಕೊಮ್ಮೆ, ಸಿಂಕಿನ ಕೆಳಗಿನ ಬಾಗು ಬಿಚ್ಚಿ ಸ್ವಚ್ಛ ಮಾಡುತ್ತೇವೆ. ಕೆಳಗೆ ಬಕೀಟು ಇಟ್ಟು, ರಬ್ಬರಿನ ಕೈಚೀಲ ಹಾಕಿ, ಕೈಯಿಂದಲೇ ತಿರುಪು ಬಿಚ್ಚಬಹುದು. ಒಳಗಿನ ಜಿಡ್ಡನ್ನು ಕಾಗದದಿಂದ ಬಳಿದು ತೆಗೆಯಬೇಕು, ಮತ್ತೆ ಮೋರಿಗೇ ತೊಳೆಯಬಾರದು. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಲೇಬೇಕು. ಗಟಾರದ ವಾಸನೆ ಮೇಲೆ ಬಾರದಂತೆ ತಡೆಯುವುದು ಅದೇ. ಹಾಗೆಂದು ಬಾಗು ತೆಗೆದು ನೇರ ಪೈಪು ಹಾಕಿಸಬೇಡಿ. ನೀರು ನಿಧಾನವಾದ ಮೊದಲ ದಿನವೇ ರಬ್ಬರ್ ಪಂಪಿನಿಂದ ಒತ್ತಿ ನೋಡಬೇಕು. ಆಗದಿದ್ದರೆ ಸ್ಪ್ರಿಂಗಿನ ತಂತಿ ಇರುವವರನ್ನು ಕರೆಯಬೇಕು. ಮತ್ತು ಕರೆದವರಿಗೆ, ಹಾಕಿದ್ದು ಬರೀ ಸೋಡಾ ಆದರೂ, ಬಾಗಿಲಲ್ಲೇ ಹೇಳಬೇಕು.

ಮೊದಲ ತಿಂಗಳು ಮಾವನವರು ಒಂದು ಪರೀಕ್ಷೆ ಮಾಡಿಸಿದರು. ಒರೆಸಿ, ಬಳಿದು ತೆಗೆದ ಜಿಡ್ಡನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಡಲು ಹೇಳಿ, ತಿಂಗಳ ಕೊನೆಗೆ ಅಂಗಡಿಯ ತಕ್ಕಡಿಯಲ್ಲಿ ತೂಗಿದರು. ಡಬ್ಬಿಯ ತೂಕ ಕಳೆದು ಒಂದು ಕಿಲೋಕ್ಕೆ ತುಸು ಕಡಿಮೆ! “ಹದಿನೈದು ಕಿಲೋದ ಡಬ್ಬಿಯೊಳಗ ನೂರು ಗ್ರಾಂ ಕಡಿಮಿ ಬಂದ್ರ ನಾವು ಮಿಲ್ಲಿನವರ ಜೋಡಿ ಜಗಳಾ ಆಡ್ತೀವಿ. ಇಲ್ಲಿ ವರ್ಷಕ್ಕ ಹತ್ತು ಕಿಲೋ ಗಟಾರಕ್ಕ ಕೊಟ್ಟು ಸುಮ್ಮನಿದ್ದೀವಿ” ಎಂದು ಅವರು ನಕ್ಕರು. ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಈ ಲೆಕ್ಕ ಬೇಗ ತಿಳಿದೀತು. ಆ ತಿಂಗಳಿನಿಂದ ಒಗ್ಗರಣೆಯ ಎಣ್ಣೆಯೂ ತಾನಾಗಿ ಕಡಿಮೆಯಾಯಿತು.

ನಮ್ಮ ಸಮಾಜದ ಭೋಜನಶಾಲೆಗಳ ಬಗ್ಗೆಯೂ ಒಂದು ಮಾತು. ಪೂಜೆ, ವಿಧಾನ, ಮದುವೆಗಳಲ್ಲಿ ನೂರಾರು ಜನರ ಅಡಿಗೆಯಾಗುವಲ್ಲಿ ಒರೆಸುವುದೊಂದೇ ಸಾಲದು. ಗಟಾರಕ್ಕೆ ಸೇರುವ ಮೊದಲು ಜಿಡ್ಡು ತಡೆಯುವ ಚೇಂಬರು ಕಟ್ಟಿಸಬೇಕು. ಅದರ ಕೆಲಸ ಸರಳ. ಎಣ್ಣೆ ನೀರಿಗಿಂತ ಹಗುರ. ತೊಟ್ಟಿಯಲ್ಲಿ ನೀರು ನಿಧಾನವಾಗಿ ಆರುತ್ತ ನಿಂತಾಗ ಜಿಡ್ಡು ಮೇಲೆ ತೇಲುತ್ತದೆ, ಗಸಿ ಕೆಳಗೆ ಕೂಡುತ್ತದೆ, ನಡುವಿನ ನೀರು ಮಾತ್ರ ಬಾಗಿದ ಪೈಪಿನಿಂದ ಹೊರಗೆ ಹೋಗುತ್ತದೆ. ಜಿಡ್ಡು ಮತ್ತು ಗಸಿ ಸೇರಿ ತೊಟ್ಟಿಯ ಆಳದ ನಾಲ್ಕನೇ ಒಂದು ಭಾಗ ತುಂಬುವಷ್ಟರಲ್ಲಿ ತೆಗೆಯಬೇಕು. ಕಟ್ಟಿಸಿ ಮರೆತರೆ ಕಟ್ಟಿಸದ ಹಾಗೆಯೇ. ದೊಡ್ಡ ಅಡಿಗೆಗಳಲ್ಲಿ ಕರಿದುಳಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸದಂತೆ 2018ರ ಜುಲೈ 1ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಜಾರಿಗೆ ಬಂತು. ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯೂ ಅದೇ ವರ್ಷ ಆರಂಭವಾಯಿತು. ಭೋಜನಶಾಲೆಯ ಪಂಚರು ಇದನ್ನು ವಿಚಾರಿಸಬಹುದು.

ಒಂದು ಮನೆಯ ಜಿಡ್ಡಿನಿಂದ ಏನಾದೀತು ಎಂದು ಕೇಳುವವರಿದ್ದಾರೆ. 2017ರಲ್ಲಿ ಲಂಡನ್ ನಗರದ ವೈಟ್‌ಚಾಪೆಲ್ ಭಾಗದ ಒಳಚರಂಡಿಯಲ್ಲಿ 250 ಮೀಟರ್ ಉದ್ದ, 130 ಟನ್ ತೂಕದ ಜಿಡ್ಡಿನ ಬಂಡೆ ಸಿಕ್ಕಿತ್ತು. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಮರುವರ್ಷ ಅದರ ತುಣುಕನ್ನು ಅಲ್ಲಿನ ಮ್ಯೂಜಿಯಮ್ಮಿನಲ್ಲಿ ಜನ ನೋಡಲು ಇಟ್ಟಿದ್ದರು. ಜಿಡ್ಡು, ಒರೆಸಿ ಬಿಸಾಡಿದ ಬಟ್ಟೆಯಂಥ ಚೂರುಗಳು ಕೂಡಿ ಬೆಳೆದದ್ದು ಅದು. ಹನಿಹನಿಯಾಗಿ ಮನೆಮನೆಯಿಂದಲೇ ಅಲ್ಲಿಗೆ ಹೋಗಿತ್ತು.

ನಮ್ಮ ದೇಶದಲ್ಲಿ ಮಾತ್ರ ಇದು ನೋಡಿ ಬೆರಗಾಗುವ ವಸ್ತುವಲ್ಲ. ಕಟ್ಟಿದ ಒಳಚರಂಡಿಗೆ ಮನುಷ್ಯ ಇಳಿದಾಗ ಅಲ್ಲಿನ ವಿಷಗಾಳಿಗೆ ಜೀವ ಹೋದ ಸುದ್ದಿ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? ಸುರಕ್ಷತೆಯ ಸಾಧನಗಳಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದೆಂದು 2013ರಲ್ಲಿ ಕಾಯ್ದೆಯಾಯಿತು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅಂದರೆ 2023ರವರೆಗೂ ಸಾವು ನಿಂತಿರಲಿಲ್ಲ ಎಂದೇ ಅರ್ಥ. ನಾವು ಇರುವೆಗೆ ಸಕ್ಕರೆ ಹಾಕುವವರು, ಪಾರಿವಾಳಕ್ಕೆ ಕಾಳು ಚೆಲ್ಲುವವರು. ಚರಂಡಿ ಕಟ್ಟಿಸುವ ಜಿಡ್ಡಿನಲ್ಲಿ ನಮ್ಮ ಪಾರಣೆಯ ತುಪ್ಪವೂ ಇರುತ್ತದೆ ಎಂದು ಅರಿತ ಮೇಲೆ ಬಾಣಲಿ ಒರೆಸುವುದು ನಮಗೆ ಬೇಸರದ ಕೆಲಸವಾಗಿ ಉಳಿಯಲಿಲ್ಲ.

ಹಿಂದಿನ ಖೋಲಿಯಲ್ಲಿ ಬೇರೆ ಒಲೆ ಹೂಡಲಿಲ್ಲ. ಅಲ್ಲಿ ಈಗ ಮಕ್ಕಳು ಓದುತ್ತಾರೆ. ನಮ್ಮ ನಡುವೆ ಅಸಮಾಧಾನ ಬರುವುದೇ ಇಲ್ಲವೆಂದರೆ ಸುಳ್ಳಾದೀತು, ನೆಗೆಣ್ಣಿಯರಲ್ಲವೇ! ಆದರೆ ಬಂದ ದಿನವೇ ಹೇಳಿಬಿಡುತ್ತೇವೆ. ಮೋರಿಯ ಬಾಗು ಬಿಚ್ಚುವ ದಿನ ಇಬ್ಬರೂ ಕೂಡಿಯೇ ಕೂಡುತ್ತೇವೆ, ಒಬ್ಬಳು ಬಕೀಟು ಹಿಡಿಯುತ್ತಾಳೆ, ಒಬ್ಬಳು ತಿರುಪು ಬಿಚ್ಚುತ್ತಾಳೆ. ಎಷ್ಟೋ ಮಾತು ಅಲ್ಲೇ ಮುಗಿಯುತ್ತದೆ.

ಕಾಕಾನ ಕೈ ವಾಸಿಯಾಯಿತು. ಮುಂಗೈ ಮೇಲೆ ಒಂದು ಬಿಳಿ ಕಲೆ ಉಳಿದಿದೆ. ಪ್ರತಿ ಕ್ಷಮಾವಣಿಯಂದು ನಾವು ಅವರ ಮನೆಗೆ ಶೇಂಗಾ ಹೋಳಿಗೆ ಕೊಟ್ಟು ಕೈ ಮುಗಿದು ಬರುತ್ತೇವೆ. ಹೋದ ವರ್ಷ ಅವರು ಹೋಳಿಗೆಯ ಡಬ್ಬಿ ಮರಳಿ ಕೊಡುವಾಗ ನಗುತ್ತ ಹೇಳಿದರು: “ಒಳಗ ತುಪ್ಪ ಹತ್ತಿತ್ತರಿ ಅಕ್ಕಾರ. ಒರಸೇ ತೊಳದೀನಿ.”